ಮಿರಮಿರ ಮಿಂಚುವ ಪೀಸೇ ಬಿರುಕು ಬಿಟ್ಟಿದೆ, ಯಾಕೆ?

ಭೋಸರಿ ಹುಬ್ಬಳ್ಳಿಯವ
ಪುಣೆಯ ಭೋಸರಿಯಲ್ಲಿ ಫ್ಯಾಬ್ರಿಕೇಶನ್ ಶಾಪ್ ಸೂಪರ್‌ವೈಸರ್ ನಾನು. ಅಣುಸ್ಥಾವರದ ಆರ್ಡರ್‌ಗೆ 304ಎಲ್ ಸ್ಟೇನ್‌ಲೆಸ್ ಪ್ಲೇಟಿನ ಎರಡು ಪೀಸ್ ಟೆಸ್ಟಿಗೆ ಕಳಿಸಿದ್ದೆವು. ಎರಡೂ ಒಂದೇ ಪ್ಲೇಟಿನವು. ಒಂದು ಮಿಲ್‌ನಿಂದ ಬಂದ ಹಾಗೇ ಇತ್ತು. ಇನ್ನೊಂದನ್ನು ನಮ್ಮ ಹುಡುಗ ಗ್ರೈಂಡರ್ ಹಿಡಿದು ಮಿಂಚಿಸಿದ್ದ. 155 ಡಿಗ್ರಿಯಲ್ಲಿ ಕುದಿಯುವ ಮೆಗ್ನೀಶಿಯಂ ಕ್ಲೋರೈಡಿನಲ್ಲಿ ಇಟ್ಟರು. ಬಗ್ಗಿಸಿಲ್ಲ, ಎಳೆದಿಲ್ಲ. ಆದರೂ ಮಿಂಚಿದ್ದೇ ಬಿರುಕು ಬಿಟ್ಟಿದೆ, ಮಂಕಾಗಿದ್ದದ್ದು ಚೆನ್ನಾಗಿದೆ! ಎಲ್ ಗ್ರೇಡ್ ಅಂದರೆ ಭಯವಿಲ್ಲ ಅಲ್ವಾ?

ಚೆಂಬೂರು ಅಜ್ಜ
ತಮ್ಮಾ, ಆ ‘ಎಲ್’ ಬೇರೆ ರೋಗಕ್ಕೆ ಮದ್ದು. ಕಾರ್ಬನ್ 0.03 ಶೇಕಡಾ ಮೀರಬಾರದು, ವೆಲ್ಡ್ ಪಕ್ಕದಲ್ಲಿ ಕ್ರೋಮಿಯಂ ಕಾರ್ಬೈಡ್ ಕೂತು ಅಲ್ಲಿನ ಕ್ರೋಮಿಯಂ ಕಡಿಮೆಯಾಗಬಾರದು ಅಂತ ಅದು. ನಿಮ್ಮದು ಚರ್ಮದ ತೊಂದರೆ.

ಗ್ರೈಂಡರ್ ಒತ್ತಿದಾಗ ಮೇಲ್ಪದರ ಕಾದು ಹಿಗ್ಗಲು ನೋಡುತ್ತದೆ. ಕೆಳಗಿನ ತಣ್ಣನೆ ಲೋಹ ಬಿಡುವುದಿಲ್ಲ, ಹಾಗಾಗಿ ಒಳಗೇ ಅಮುಕಿಕೊಳ್ಳುತ್ತದೆ. ತಣ್ಣಗಾದಾಗ ಕುಗ್ಗಲು ಹೋಗಿ ಬಿಗಿಯುತ್ತದೆ. ಚಳಿಗಾಲದಲ್ಲಿ ತುಟಿ ಬಿರಿದ ಹಾಗೆ. ಎಳೆತ ಒಳಗೇ ಇದೆ, ಕ್ಲೋರೈಡ್ ಬಿರಿಸುವುದಕ್ಕೆ ಹೊರಗಿನಿಂದ ಎಳೆಯುವುದೇ ಬೇಡ. ಜೊತೆಗೆ ಉಜ್ಜಾಟಕ್ಕೆ ಆ ಪದರ ಗಟ್ಟಿಯೂ ಆಗಿರುತ್ತದೆ.

ಜಪಾನಿನ ಕುದಿನೀರು ರಿಯಾಕ್ಟರುಗಳಲ್ಲಿ 316ಎಲ್ ಕೋರ್ ಶ್ರೌಡುಗಳೂ (ಇಂಧನದ ಭಾಗವನ್ನು ಸುತ್ತುವರಿದ ಸ್ಟೇನ್‌ಲೆಸ್ ಕೊಳವೆ) ಬಿರಿದಿದ್ದವು. ಅಲ್ಲೂ ಮಶಿನಿಂಗ್, ಗ್ರೈಂಡಿಂಗ್‌ನಿಂದ ಗಟ್ಟಿಯಾದ ಪದರದ ಮೇಲೇ ಕಣ್ಣು ಬಿತ್ತು. ಹಾಗಂತ ನಿಮ್ಮ ಟೆಸ್ಟನ್ನೇ ರಿಯಾಕ್ಟರ್ ಅಂದುಕೊಳ್ಳಬೇಡಿ. ಅಲ್ಲಿ ಸುಮಾರು 288 ಡಿಗ್ರಿಯ ಶುದ್ಧ ನೀರು. ಕ್ಲೋರೈಡ್ ಟೆಸ್ಟ್ ತುಂಬಾ ಕಟುಕ.

ಪಿಂಪ್ರಿ ಪೀನಿಂಗ್
ಪಿಕ್ಲಿಂಗ್, ಅಂದರೆ ಆಸಿಡ್‌ನಲ್ಲಿ ತೊಳೆಯುವುದು, ಮಾಡಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿಯಾರು, ನಂಬಬೇಡಿ. ಅದು ಕಬ್ಬಿಣದ ಕಲೆ, ವೆಲ್ಡಿನ ಬಣ್ಣ ತೆಗೆಯುತ್ತೆ. ಎಳೆತ ಉಳಿಯುತ್ತೆ. ಶಾಟ್ ಪೀನಿಂಗ್ ಬೇರೆ ಮಾತು: ಸಣ್ಣ ಗುಂಡುಗಳು ಬಡಿದು ಮೇಲ್ಪದರವನ್ನು ಅದುಮಿದ ಸ್ಥಿತಿಗೆ ತರುತ್ತವೆ. ಲೇಸರ್ ಪೀನಿಂಗ್‌ನಲ್ಲಿ ಆ ಒತ್ತಡ ಒಂದು ಮಿಲಿಮೀಟರ್‌ವರೆಗೂ ಇಳಿಯುತ್ತೆ, ಖರ್ಚೂ ಹಾಗೇ. ಗುಂಡು ಮಾತ್ರ ಸ್ಟೇನ್‌ಲೆಸ್, ಗಾಜು ಅಥವಾ ಸೆರಾಮಿಕ್‌ದು ಇರಲಿ. ಮಾಮೂಲಿ ಉಕ್ಕಿನ ಗುಂಡಾದರೆ ಕಬ್ಬಿಣ ಅಂಟಿ ತುಕ್ಕು ಶುರು. ಡ್ರಾಯಿಂಗ್‌ನಲ್ಲಿ ಇಲ್ಲದಿದ್ದರೆ ಗಿರಾಕಿಯನ್ನು ಕೇಳದೆ ಏನೂ ಮಾಡಬೇಡಿ.

ಭೋಸರಿ ಹುಬ್ಬಳ್ಳಿಯವ
ಥ್ಯಾಂಕ್ಸ್ ಅಜ್ಜಾ. ಡಿಸ್ಕ್ ಎಷ್ಟು ಒತ್ತಬೇಕು ಅಂತ ಈ ವಾರವೇ ಹುಡುಗರಿಗೆ ತೋರಿಸುತ್ತೇನೆ. ಒಂದು ಹೇಳಲೇ ಇಲ್ಲ. ಹೊಳಪು ಸಾಲದು ಅಂತ ಅವನಿಂದ ಎರಡನೇ ಸಲ ಉಜ್ಜಿಸಿದ್ದು ನಾನೇ. ನಾಳೆ ಅವನ ವಡಾಪಾವ್ ನನ್ನ ಲೆಕ್ಕಕ್ಕೆ.