ಅಳಿಯನ ರಕ್ತದ ವರದಿ: ಮೆಂತೆ ಉಂಡಿಯಿಂದ ಹೀಗಾಗಿರಬಹುದಾ?

ಸೋದರಮಾವ, ಧಾರವಾಡ:
ಅಕ್ಕನ ಮಗನಿಗೆ ಇವತ್ತಿಗೆ ಹನ್ನೊಂದು ದಿನ. ಐದನೇ ದಿನದಿಂದ ಹಾಲು ಬಿಟ್ಟ, ಕೈಕಾಲು ಒಮ್ಮೆ ಸೆಟೆದು ಒಮ್ಮೆ ಜೋತು ಬೀಳ್ತಿದ್ದವು. ಉಚ್ಚೆ ಬಟ್ಟೆ ಹಿಂಡುವಾಗ ಬೆಲ್ಲದ ಪಾಕ ಹೊತ್ತಿದ ವಾಸನೆ. ಬಾಣಂತಿ ಮೆಂತೆ ಉಂಡಿ ತಿಂತಾಳಲ್ಲ, ಅದರದ್ದೇ ಅಂತ ಸುಮ್ಮನಾದ್ವಿ. ಈಗ ಮಗು ಎನ್‌ಐಸಿಯುದಲ್ಲಿದೆ (ಹಸುಗೂಸುಗಳ ತೀವ್ರ ನಿಗಾ ಘಟಕ). ರಕ್ತದಲ್ಲಿ ಅಮೈನೋ ಆಮ್ಲಗಳು (ಪ್ರೋಟೀನ್ ಕಟ್ಟುವ ತುಣುಕುಗಳು) ಹೀಗಿವೆ: ಲ್ಯೂಸಿನ್ 1860, ಐಸೊಲ್ಯೂಸಿನ್ 410, ವ್ಯಾಲಿನ್ 690, ಅಲೋಐಸೊಲ್ಯೂಸಿನ್ 140, ಎಲ್ಲ ಲೀಟರಿಗೆ ಇಷ್ಟು ಮೈಕ್ರೊಮೋಲ್ ಅನ್ನೋ ಲೆಕ್ಕ. ಉಚ್ಚೆಯಲ್ಲಿ ಕೀಟೋನ್ ಇದೆ. ಅಮೋನಿಯಾ, ಸಕ್ಕರೆ ಸರಿ ಇವೆ. ಡಾಕ್ಟರು ಮೇಪಲ್ ಸಿರಪ್ ರೋಗ ಅಂತಾರೆ, ಉಚ್ಚೆ ಮೇಪಲ್ ಮರದ ಸಿಹಿ ಪಾಕದ ಹಾಗೆ ವಾಸನೆ ಬರೋದಕ್ಕೆ ಆ ಹೆಸರಂತೆ. ಉಂಡಿ ಮಾಡಿದ ಅವ್ವ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಮೆಂತೆಯಿಂದ ಹೀಗಾಗುತ್ತಾ?

ಲ್ಯಾಬ್ ಕೆಲಸದವ:
ಇಲ್ಲ. ಮೆಂತೆಯಲ್ಲೂ ಈ ರೋಗದ ಉಚ್ಚೆಯಲ್ಲೂ ಸೊಟೊಲೋನ್ ಅನ್ನೋ ಒಂದೇ ವಾಸನೆಯ ವಸ್ತು ಇರೋದರಿಂದ ಮೂಗು ಮೋಸ ಹೋಗುತ್ತೆ, ಅಷ್ಟೇ. ಅಲೋಐಸೊಲ್ಯೂಸಿನ್ ಊಟದಿಂದ ಬರೋದಲ್ಲ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಈ ಮೂರು ಅಮೈನೋ ಆಮ್ಲಗಳನ್ನು ಮುಂದಕ್ಕೆ ಒಡೆಯುವ ಕಿಣ್ವ ಕೆಟ್ಟಾಗ, ಮುಂದೆ ಹೋಗಲಾರದ ಐಸೊಲ್ಯೂಸಿನ್‌ನಿಂದ ಮೈಯೇ ಅದನ್ನು ಮಾಡುತ್ತೆ. ಆರೋಗ್ಯವಂತರಲ್ಲಿ 5 ದಾಟಲ್ಲ. ನಿಮ್ಮದು 140.

ಚಿನ್ನಿಯ ಅಮ್ಮ:
ತಮ್ಮಾ, ಮೊದಲು ನಿಮ್ಮ ಅವ್ವನಿಗೆ ಹೇಳಿ, ತಪ್ಪು ಅವರದಲ್ಲ. ತಾಯಿಯಿಂದ ಒಂದು, ತಂದೆಯಿಂದ ಒಂದು ಕೆಟ್ಟ ಜೀನ್ ಬಂದಾಗ ಮಾತ್ರ ಇದು ಬರೋದು. ನನ್ನ ಮಗಳಿಗೂ ಇದೇ, ಈಗ ಆರು ವರ್ಷ. ಮಿದುಳಿಗೆ ವಿಷ ಆಗೋದು ಲ್ಯೂಸಿನ್, ಅದಕ್ಕೇ ಅದನ್ನು ರಕ್ತದಿಂದ ಬೇಗ ತೆಗೆಯೋ ಡಯಾಲಿಸಿಸ್ ಅಂದರೆ ಹೆದರಿ ತಡ ಮಾಡಬೇಡಿ. ಇನ್ನೊಂದು ಮಾತು ಕೇಳಿ: ಪ್ರೋಟೀನ್ ನಿಲ್ಲಿಸಿದಾಗ ವ್ಯಾಲಿನ್, ಐಸೊಲ್ಯೂಸಿನ್ ಬೇಗ ಕುಸಿಯುತ್ತವೆ. ಅವು ಕುಸಿದರೆ ಮೈ ಹೊಸ ಪ್ರೋಟೀನ್ ಕಟ್ಟಲ್ಲ, ಲ್ಯೂಸಿನ್ ಇಳಿಯೋದು ಅಲ್ಲೇ ನಿಲ್ಲುತ್ತೆ. ನಮ್ಮ ಚಿನ್ನಿಗೆ ಹಾಗೇ ಆಗಿತ್ತು. ಅವೆರಡನ್ನೂ ಬೇರೆಯಾಗಿ ಕೊಟ್ಟ ಮೇಲೇ ಇಳಿಯಿತು. ಯಾವಾಗ ಶುರು ಮಾಡ್ತೀರಿ ಅಂತ ಡಾಕ್ಟರನ್ನು ಕೇಳಿ. ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ನೋಡ್ತಾರಾ ಅಂತಲೂ ಕೇಳಿ, ಕೆಲವು ಮಕ್ಕಳಿಗೆ ಅದು ಹತ್ತುತ್ತೆ.

ಮನೆಗೆ ಬಂದ ಮೇಲೆ ಜ್ವರದ ಭಯ ಇದ್ದೇ ಇರುತ್ತೆ. ಏನೂ ತಿನ್ನದಿದ್ದರೂ ಸ್ನಾಯು ಕರಗಿ ಲ್ಯೂಸಿನ್ ಏರುತ್ತೆ. ನಾನು ಚಿನ್ನಿಯ ಅನ್ನ ಗ್ರಾಂ ಲೆಕ್ಕದಲ್ಲಿ ತೂಗಿ ಬಡಿಸ್ತೀನಿ, ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಷ್ಟಿರೋ ಸಬ್ಬಕ್ಕಿ ಗಂಜಿಯಲ್ಲಿ ಹೊಟ್ಟೆ ತುಂಬಿಸ್ತೀನಿ. ಲ್ಯೂಸಿನ್ ಜಾಸ್ತಿ ಇರೋ ಜೋಳದ ರೊಟ್ಟಿ ನಮ್ಮಲ್ಲಿ ಅವಳು ಮಲಗಿದ ಮೇಲೇ.

ಸೋದರಮಾವ, ಧಾರವಾಡ:
ಅಕ್ಕಾ, ನಿನ್ನೆ ರಾತ್ರಿ ಡಯಾಲಿಸಿಸ್ ಮಾಡಿದರು. ಬೆಳಿಗ್ಗೆ ಲ್ಯೂಸಿನ್ 620. ವ್ಯಾಲಿನ್ ಬಗ್ಗೆ ಕೇಳಿದೆ, ಇವತ್ತೇ ಶುರು ಮಾಡ್ತಾರಂತೆ. ನೀವು ಬರೆದದ್ದನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಈಗ ಅರ್ಧ ರೊಟ್ಟಿ ತಿಂದಳು.