ಏರು ಹತ್ತುವಾಗ ಬ್ಯಾಟರಿ ಕಟ್ ಆಗುತ್ತದೆ, ಮೀಟರ್ ಮಾತ್ರ 46 ವೋಲ್ಟ್ ತೋರಿಸುತ್ತದೆ

ಪ್ರಶ್ನೆ: ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ, 18650 ಅಳತೆಯ ಲಿಥಿಯಂ ಸೆಲ್‌ಗಳನ್ನು ಆರಿಸಿ ಸೈಕಲ್ಲಿಗೆ 13ಎಸ್4ಪಿ ಪ್ಯಾಕ್ (ನಾಲ್ಕು ಸೆಲ್ ಸಮಾಂತರವಾಗಿ ಸೇರಿಸಿದ ಗುಂಪು, ಅಂಥ 13 ಗುಂಪು ಸರಣಿಯಲ್ಲಿ) ಕಟ್ಟಿದ್ದೇನೆ. ಫುಲ್ ಚಾರ್ಜ್‌ಗೆ 54.6 ವೋಲ್ಟ್ ಬರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ತೊಂದರೆಯಿಲ್ಲ. ಏರಿನಲ್ಲಿ ಮಾತ್ರ ಮೋಟಾರ್ ಗಕ್ಕನೆ ನಿಲ್ಲುತ್ತದೆ. ನಿಲ್ಲುವ ಹೊತ್ತಿಗೂ ಮೀಟರಿನಲ್ಲಿ 46 ಇರುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಓಡುತ್ತದೆ. ಮೋಟಾರಿಗೆ ಕರೆಂಟ್ ಕೊಡುವ ಕಂಟ್ರೋಲರ್ 15 ಆಂಪಿಯರ್‌ದು. ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಬದಲಾಯಿಸಲಾ?

ಉತ್ತರ: ಬೇಡ, ಪಾಪ ಅದು ತನ್ನ ಕೆಲಸ ಮಾಡುತ್ತಿದೆ. ಬಿಎಂಎಸ್ ಒಟ್ಟು ವೋಲ್ಟೇಜ್ ನೋಡಿ ಕಟ್ ಮಾಡುವುದಿಲ್ಲ, 13 ಗುಂಪುಗಳನ್ನೂ ಬೇರೆ ಬೇರೆಯಾಗಿ ನೋಡುತ್ತದೆ. 12 ಗುಂಪು 3.6ರಲ್ಲಿದ್ದು ಒಂದೇ ಒಂದು 2.8ಕ್ಕೆ ಇಳಿದರೂ ಒಟ್ಟು 46 ಆಗುತ್ತದೆ ಅಲ್ವಾ? ಪ್ರತಿ ಗುಂಪಿನಿಂದ ಬಿಎಂಎಸ್‌ಗೆ ಬರುವ ಸಣ್ಣ ಬ್ಯಾಲೆನ್ಸ್ ವೈರುಗಳ ಕನೆಕ್ಟರಿನಲ್ಲಿ ಅಕ್ಕಪಕ್ಕದ ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದು ಒಂದೊಂದೇ ಗುಂಪು ಅಳೆಯಿರಿ. ಸುಮ್ನೆ ನಿಂತಾಗ ಒಮ್ಮೆ, ಲೋಡ್ ಬಿದ್ದಾಗ ಇನ್ನೊಮ್ಮೆ. ಮೋಟಾರಿನ ಚಕ್ರ ಎತ್ತಿ, ಜೊತೆಗೊಬ್ಬರು ಥ್ರಾಟಲ್ ಕೊಟ್ಟು ಬ್ರೇಕ್ ಹಿಡಿದರೆ ಸಾಕು, ಕೆಲವೇ ಸೆಕೆಂಡ್. ಬ್ರೇಕ್ ಲಿವರಿನಲ್ಲಿ ಕಟ್‌ಆಫ್ ಸ್ವಿಚ್ ಇದ್ದರೆ ಅದರ ವೈರ್ ಮೊದಲು ತೆಗೆದಿರಿ, ಇಲ್ಲದಿದ್ದರೆ ಮೋಟಾರ್ ತಿರುಗುವುದೇ ಇಲ್ಲ.

ಇನ್ನೊಬ್ಬರು: ಬಿಎಂಎಸ್ ಬೈಪಾಸ್ ಮಾಡಿ ಓಡಿಸಿದರೆ ಬೇಗ ಗೊತ್ತಾಗುತ್ತದಲ್ಲ?

ಉತ್ತರ: ದಯವಿಟ್ಟು ಬೇಡ. ಸೆಲ್ ತೀರಾ ಕೆಳಗಿಳಿದರೆ ಒಳಗಿನ ತಾಮ್ರ ಕರಗುತ್ತದೆ. ಆಮೇಲೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಬಹುದು.

ಪ್ರಶ್ನೆ: ಅಳೆದೆ. ನಿಂತಾಗ ಎಲ್ಲವೂ 3.78. ಲೋಡ್ ಬಿದ್ದರೆ ಉಳಿದವು 3.6ಕ್ಕೆ ಬರುತ್ತವೆ, 7ನೇ ಗುಂಪು ಮಾತ್ರ ನೇರ 2.9. ಬ್ರೇಕ್ ಬಿಟ್ಟ ಕೂಡಲೇ ವಾಪಸ್ 3.78.

ಉತ್ತರ: ಸಿಕ್ಕಿತು ನೋಡಿ. ಆ ಗುಂಪಿನಲ್ಲಿ ಒಂದೆರಡು ಸೆಲ್ ಕಳಚಿಕೊಂಡಿದ್ದರೆ ಬೇಗ ಖಾಲಿಯಾಗಿ, ನಿಂತಾಗಲೂ ಕಡಿಮೆ ತೋರಿಸಬೇಕಿತ್ತು. ಹಾಗಾಗಿಲ್ಲ. ಅಂದರೆ ಚಾರ್ಜ್ ಇದೆ, ಹೊರಗೆ ಬರುವ ದಾರಿಯಲ್ಲಿ ತಡೆ ಜಾಸ್ತಿ. ಈಗ ಪ್ರೋಬ್‌ಗಳನ್ನು ಸೆಲ್‌ಗಳನ್ನು ಜೋಡಿಸುವ ನಿಕ್ಕಲ್ ಪಟ್ಟಿಯ ಮೇಲಲ್ಲ, 7ನೇ ಗುಂಪಿನ ಸೆಲ್‌ಗಳ ತುದಿಗೇ ಒತ್ತಿ, ಲೋಡ್ ಕೊಟ್ಟು ಅಳೆಯಿರಿ. ಅಲ್ಲಿ 3.6 ಬಂದರೆ ಸೆಲ್ ಚೆನ್ನಾಗಿವೆ, ವೆಲ್ಡ್ ಬಿಟ್ಟಿದೆ. ಪಟ್ಟಿ ತೆಗೆದು ಹೊಸದಾಗಿ ಸ್ಪಾಟ್ ವೆಲ್ಡ್ ಮಾಡಿ. ಅಲ್ಲೂ 2.9 ಇದ್ದರೆ ಸೆಲ್‌ಗಳೇ ಮುದಿಯಾಗಿವೆ, ನಾಲ್ಕನ್ನೂ ಬದಲಾಯಿಸಿ. ಪ್ಲಸ್ ತುದಿಯಲ್ಲಿ ಹುಷಾರು, ಪ್ರೋಬ್ ಜಾರಿ ಅಂಚಿಗೆ ತಾಗಿದರೆ ಶಾರ್ಟ್, ಅಂಚು ಮೈನಸ್ಸೇ.

ಹೊಸ ಸೆಲ್ ಹಾಕುವುದಾದರೆ ಮೊದಲೇ ಉಳಿದ ಗುಂಪುಗಳ ವೋಲ್ಟೇಜಿಗೆ ತಂದುಕೊಂಡು ಹಾಕಿ. ಸಾಧಾರಣ ಬಿಎಂಎಸ್ ಬ್ಯಾಲೆನ್ಸ್ ಮಾಡುವುದು (ಗುಂಪುಗಳ ವೋಲ್ಟೇಜ್ ಸಮ ಮಾಡುವುದು) ಕೆಲವು ಹತ್ತು ಮಿಲಿಆಂಪಿಯರ್‌ನಲ್ಲಿ. ದೊಡ್ಡ ವ್ಯತ್ಯಾಸವನ್ನು ಅದಕ್ಕೆ ಬಿಟ್ಟರೆ ದಿನಗಟ್ಟಲೆ ಕಾಯಬೇಕು.