ಮಂಗಳದಲ್ಲಿ ನಾಲ್ವರಿಗೆ ಆಮ್ಲಜನಕ: ಯಂತ್ರ ಎಷ್ಟು ಬೇಕು?

ಪ್ರಶ್ನೆ: ನಾಸಾದ ಪರ್ಸೆವರೆನ್ಸ್ ರೋವರಿನಲ್ಲಿದ್ದ ಮಾಕ್ಸಿ (ಮಂಗಳದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಡೆದು ಆಮ್ಲಜನಕ ಮಾಡುವ ಯಂತ್ರ) ಗಂಟೆಗೆ ಗರಿಷ್ಠ 12 ಗ್ರಾಂ ಆಮ್ಲಜನಕ ಕೊಟ್ಟಿತ್ತು. ನಾಲ್ವರ ನೆಲೆಗೆ ಅಂಥವು ಎಷ್ಟು ಬೇಕಾದೀತು?

ಉತ್ತರ 1: ಒಬ್ಬರಿಗೆ ದಿನಕ್ಕೆ ಸುಮಾರು 0.84 ಕೆಜಿ, ನಾಲ್ವರಿಗೆ 3.36. ಒಂದು ಯಂತ್ರ ಬಿಡದೆ ಓಡಿದರೆ 288 ಗ್ರಾಂ. ಅಂದರೆ 12 ಬೇಕು, ಕೆಟ್ಟರೆ ಇರಲಿ ಅಂತ ಇನ್ನೂ ನಾಲ್ಕು. ಆದರೆ ಮಾಕ್ಸಿ 16 ಸಲ ಓಡಿ ಕೊಟ್ಟದ್ದು ಒಟ್ಟು 122 ಗ್ರಾಂ ಅಷ್ಟೇ!

ಉತ್ತರ 2: ಲೆಕ್ಕ ಸರಿ, ಆದರೆ ವೋಲ್ಟೇಜ್ ಕಡೆ ಗಮನವಿರಲಿ. ಕರೆಂಟಿನಿಂದ ಕಾರ್ಬನ್ ಡೈಆಕ್ಸೈಡನ್ನು ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್ ಆಗಿ ಒಡೆಯುವ ಕೋಶ ಕೆಲಸ ಮಾಡೋದು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವೋಲ್ಟೇಜ್ ಮಿತಿ ಮೀರಿದರೆ ಕಾರ್ಬನ್ ಮೊನಾಕ್ಸೈಡ್ ಕೂಡ ಒಡೆದು, ಕ್ಯಾಥೋಡಿನ (ಕೋಶದ ಋಣ ತುದಿ) ಮೇಲೆ ಮಸಿ ಕೂತು, ಕೋಶ ಹಾಳಾಗುತ್ತೆ. ಫಿಲ್ಟರಿಗೆ ದೂಳು ಕಟ್ಟಿ ಅನಿಲದ ಹರಿವು ಇಳಿದರೂ ಅದೇ ಗತಿ.

ಉತ್ತರ 3: ಕರೆಂಟು? ಒಂದಕ್ಕೆ 300 ವಾಟ್ ಹಿಡಿದರೂ 12ಕ್ಕೆ 3.6 ಕಿಲೋವಾಟ್. ಸೋಲಾರ್ ಒಂದನ್ನೇ ನಂಬಬೇಡಿ. 2018ರ ದೂಳಿನ ಬಿರುಗಾಳಿಗೆ ಆಪರ್ಚುನಿಟಿ ರೋವರ್ ಸತ್ತದ್ದು ಗೊತ್ತಲ್ಲ, ಸಣ್ಣ ಅಣು ರಿಯಾಕ್ಟರೇ ವಾಸಿ.